ಕೆಲಸ ಇಲ್ಲ, ಮನೆ ಕಂದಾಯ ಬಾಕಿ ಇದೆ: ಕೊಡಗಿನಲ್ಲಿ ಏನು ಮಾಡಬೇಕು, ಯಾವುದು ಮೊದಲು

ಜನವರಿ ಬಂತೆಂದರೆ ಪಂಚಾಯ್ತಿಯವರು ಮನೆ ಮನೆಗೆ ಬರೋದು ಶುರು. ಮಾರ್ಚ್ 31ರೊಳಗೆ ವಸೂಲಿ ತೋರಿಸಬೇಕು, ಕಮ್ಮಿಯಾದರೆ ಮೇಲಿನವರು ಅವರನ್ನು ಕೇಳುತ್ತಾರೆ. ಹಾಗಾಗಿ ಬಿಲ್ ಕಲೆಕ್ಟರ್ ಜೊತೆ ಕೆಲವು ಸಲ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಕೂಡ ಬಂದು ಗೇಟಿನ ಹತ್ತಿರ ನಿಲ್ಲುತ್ತಾರೆ. ಕೊಡಗಿನಲ್ಲಿ ಅದು ಕಾಫಿ ಕೊಯ್ಲಿನ ಕಾಲ, ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುತ್ತದೆ ಅನ್ನೋ ಲೆಕ್ಕಾಚಾರ ಅವರದ್ದು. ಆದರೆ ಬೆಂಗಳೂರಿನಲ್ಲಿ ಕೆಲಸ ಹೋಗಿ ಬ್ಯಾಗ್ ಹೊತ್ತುಕೊಂಡು ಊರಿಗೆ ವಾಪಸ್ ಬಂದವರು, ಡಿಗ್ರಿ ಮುಗಿಸಿ ಯುವನಿಧಿ ದುಡ್ಡಿನಲ್ಲಿ ತಿಂಗಳು ತಳ್ಳುತ್ತಿರುವವರು, ಅಮ್ಮನ ಗೃಹಲಕ್ಷ್ಮಿ ಮತ್ತು ಅಜ್ಜಿಯ ಪಿಂಚಣಿ ಮೇಲೆಯೇ ಮನೆ ನಡೆಸುತ್ತಿರುವವರು ಏನು ಮಾಡಬೇಕು? ಈ ಬರಹ ಅವರಿಗೆ.

ಇಂಥ ಹೊತ್ತಲ್ಲಿ ಜನ ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ಒಳಗೆ ಹೋಗಿ ಬಾಗಿಲು ಹಾಕಿಕೊಂಡು "ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳು" ಅಂತಾರೆ. ಇಲ್ಲ, ಮರ್ಯಾದೆಗೆ ಅಂಜಿ ಸಂಘದಲ್ಲಿ ಸಾಲ ಎತ್ತಿ ಪೂರ್ತಿ ಕಟ್ಟಿಬಿಡ್ತಾರೆ. ಎರಡೂ ಬೇಡ. ಬಾಕಿ ಎಷ್ಟು, ಯಾವ ವರ್ಷದ್ದು, ಯಾವ ಬಾಬ್ತು ಅಂತ ಕಾಗದದಲ್ಲಿ ಕಣ್ಣಾರೆ ನೋಡೋ ತನಕ ಕಟ್ಟುತ್ತೇನೆ ಅನ್ನೋದೂ ಬೇಡ, ಕಟ್ಟಲ್ಲ ಅನ್ನೋದೂ ಬೇಡ. ಕೇಳಿದ ಮೊತ್ತಕ್ಕೂ ನಿಜವಾಗಿ ಕೊಡಬೇಕಾದ ಮೊತ್ತಕ್ಕೂ ವ್ಯತ್ಯಾಸ ಇರೋದು ಅಪರೂಪವೇನಲ್ಲ.

ಬಾಕಿ ಯಾರಿಗೆ ಅಂತ ಮೊದಲು ನೋಡಿ

ಮನೆ ಇರೋದು ಗೋಣಿಕೊಪ್ಪ, ಸಿದ್ದಾಪುರ, ನಾಪೋಕ್ಲು, ಸುಂಟಿಕೊಪ್ಪದಂಥ ಕಡೆ ಆದರೆ ಅದು ಗ್ರಾಮ ಪಂಚಾಯತಿ ತೆರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದ ಪ್ರಕಾರ ಹಾಕೋದು. ಮಡಿಕೇರಿ ನಗರಸಭೆ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಪಟ್ಟಣದ ಒಳಗಾದರೆ 1964ರ ಮುನಿಸಿಪಾಲಿಟಿ ಕಾಯ್ದೆ. ಅಲ್ಲಿ ನಾವೇ ಅಳತೆ ಬರೆದು ಲೆಕ್ಕ ಹಾಕಿ ಕಟ್ಟೋ ಸ್ವಯಂ ಘೋಷಿತ ಆಸ್ತಿ ತೆರಿಗೆ. ದಂಡದ ಲೆಕ್ಕವೂ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ತೋಟದ ಕಂದಾಯ, ಗದ್ದೆಯ ಕಂದಾಯ ಇವೆಲ್ಲ ಭೂಕಂದಾಯ. ಅದು ಕಂದಾಯ ಇಲಾಖೆಗೆ ಹೋಗುತ್ತೆ, ಗ್ರಾಮ ಆಡಳಿತಾಧಿಕಾರಿ ಹತ್ತಿರ (ಹಳಬರು ಈಗಲೂ ಶ್ಯಾನುಭೋಗ್ರು ಅಂತಲೇ ಅನ್ನೋದು). ಪಂಚಾಯ್ತಿಗೂ ಅದಕ್ಕೂ ಸಂಬಂಧ ಇಲ್ಲ. "ನಾವು ತೋಟದ ಕಂದಾಯ ಕಟ್ಟಿದ್ದೀವಲ್ಲ" ಅಂತ ಬಿಲ್ ಕಲೆಕ್ಟರ್ ಹತ್ತಿರ ಜಗಳಕ್ಕೆ ನಿಲ್ಲಬೇಡಿ. ಅವರು ಕೇಳ್ತಿರೋದು ಮನೆಯದ್ದು.

ಎಸ್ಟೇಟಿನ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆ) ಇರೋರಿಗೆ ಒಂದು ಮಾತು. ಮನೆಯ ಖಾತೆ ಎಸ್ಟೇಟ್ ಮಾಲೀಕರ ಹೆಸರಲ್ಲಿದ್ದರೆ ಬಿಲ್ಲೂ ಅವರ ಹೆಸರಿಗೇ. ನಿಮ್ಮ ಹೆಸರಿಗೆ ಬಿಲ್ ಬಂದಿಲ್ಲ ಅಂದರೆ ಸುಮ್ನೆ ಭಯ ಬಿದ್ದು ದುಡ್ಡು ಕೊಡಬೇಡಿ. ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಹತ್ತಿರ ಕೇಳಿ, ಮಾಲೀಕರಿಗೆ ತಲುಪಿಸಲು ಹೇಳಿ.

ಬಿಲ್ಲನ್ನು ಬಿಡಿಸಿ ನೋಡೋದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಇಡೀ ವಿಷಯದಲ್ಲಿ ದುಡ್ಡು ಉಳಿಯೋ ಜಾಗ ಅಂತ ಇದ್ದರೆ ಇದೇ.

ಪಂಚಾಯ್ತಿಗೆ ಹೋಗಿ ನಿಮ್ಮ ಮನೆ ನಂಬರ್ ಹೇಳಿ, ವರ್ಷವಾರು ಬಾಕಿ ಪಟ್ಟಿ ಕೊಡಿ ಅಂತ ಕೇಳಿ. ಆಫೀಸಿನ ಭಾಷೆಯಲ್ಲಿ ಅದು ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿ ಮೂರೂ ಪಕ್ಕಪಕ್ಕ ಇರೋ ವಹಿ. ಈಗ ಎಲ್ಲ ಪಂಚತಂತ್ರ ತಂತ್ರಾಂಶದಲ್ಲಿದೆ, ಪ್ರಿಂಟ್ ತೆಗೆಯೋದು ಕಷ್ಟ ಅಲ್ಲ. ಹೋಗೋ ಮುಂಚೆ ಫೋನ್ ಮಾಡಿಕೊಳ್ಳಿ. ಒಬ್ಬರೇ ಪಿಡಿಒ ಎರಡು ಪಂಚಾಯ್ತಿ ನೋಡ್ಕೊಳ್ಳೋದೂ ಇದೆ, ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಅಷ್ಟು ದೂರ ಬಸ್ಸಿನಲ್ಲಿ ಹೋಗಿ "ಸರ್ವರ್ ಡೌನ್" ಅನ್ನೋ ಮಾತು ಕೇಳಿ ವಾಪಸ್ ಬರೋದು ಯಾರಿಗೆ ಬೇಕು.

ಪಟ್ಟಿ ಕೈಗೆ ಬಂದ ಮೇಲೆ ಬಾಬ್ತು ಬಾಬ್ತಾಗಿ ನೋಡಿ. ಮೊದಲು ಕಟ್ಟಡ ತೆರಿಗೆ. ಅದರ ಮೇಲೆ ಉಪಕರಗಳು: ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3, ಆರೋಗ್ಯ ಕರ, ಹೀಗೆ. ಆಮೇಲೆ ನೀರಿನ ಕರ. ತುಂಬ ಮನೆಗಳಲ್ಲಿ ಜನ ಕಂದಾಯ ಕಂದಾಯ ಅಂತ ತಲೆ ಕೆಡಿಸಿಕೊಂಡಿರೋದು ನಿಜವಾಗಿ ನೀರಿನ ಬಾಕಿ. ಲೆಕ್ಕಕ್ಕೆ ಹೇಳೋದಾದರೆ ಮನೆ ತೆರಿಗೆ ವರ್ಷಕ್ಕೆ 900 ರೂಪಾಯಿ, ನೀರು ತಿಂಗಳಿಗೆ 100 ಅಂತ ಇಟ್ಟುಕೊಳ್ಳಿ. ಮೂರು ವರ್ಷ ಕಟ್ಟಿಲ್ಲ ಅಂದರೆ ತೆರಿಗೆ 2,700, ನೀರು 3,600. ನೀರೇ ಜಾಸ್ತಿ ಆಯ್ತು ಅಲ್ವಾ. ಮಧ್ಯೆ ಒಂದು ವರ್ಷ ನೀವು ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿದ್ದರೆ, ಅಥವಾ ಪಂಚಾಯ್ತಿ ನಲ್ಲಿ ಬಿಟ್ಟು ಸ್ವಂತ ಬಾವಿ ನೀರಿಗೆ ಹೋಗಿದ್ದರೆ, ಸಂಪರ್ಕ ಕಡಿಸಿ ಅಂತ ಬರೆದುಕೊಡದೇ ಇದ್ದರೆ ಬಿಲ್ ಓಡ್ತಾನೇ ಇರುತ್ತೆ. ಬೇಡದ ನಲ್ಲಿ ಇದ್ದರೆ ಇವತ್ತೇ ಬರೆದುಕೊಡಿ, ಮುಂದಿನದ್ದಾದರೂ ನಿಲ್ಲಲಿ.

ತಪ್ಪುಗಳು ಸಿಗೋದು ಎಲ್ಲಿ? ಹಳೇ ರಶೀದಿ ಪುಸ್ತಕದಲ್ಲಿ ಕಟ್ಟಿದ್ದು ಕಂಪ್ಯೂಟರಿಗೆ ಏರಿರೋದಿಲ್ಲ. ಅಪ್ಪ ಕಟ್ಟಿದ್ದು ನಿಮಗೆ ನೆನಪಿದೆ, ವಹಿಯಲ್ಲಿ ಇಲ್ಲ. ಬೀರು ಕೆಳಗಿನ ಟ್ರಂಕು, ದೇವರ ಕೋಣೆಯ ಡ್ರಾಯರ್, ಎಲ್ಐಸಿ ಬಾಂಡ್ ಇಟ್ಟಿರೋ ಪ್ಲಾಸ್ಟಿಕ್ ಕವರ್ ಎಲ್ಲ ಹುಡುಕಿ. ಹಳದಿ ಬಣ್ಣಕ್ಕೆ ತಿರುಗಿ ಮೂಲೆ ಹರಿದ ರಶೀದಿಯಾದರೂ ಪುಸ್ತಕ ನಂಬರ್, ರಶೀದಿ ನಂಬರ್, ತಾರೀಖು ಓದೋ ಹಾಗಿದ್ದರೆ ಸಾಕು. ಜೆರಾಕ್ಸ್ ಕೊಡಿ, ಅಸಲು ತೋರಿಸಿ ವಾಪಸ್ ತನ್ನಿ. ಅಸಲನ್ನು ಆಫೀಸಿನಲ್ಲಿ ಬಿಟ್ಟು ಬರಬೇಡಿ.

ಇನ್ನೊಂದು ಕೊಡಗಿಗೇ ಸೇರಿದ ತಾಪತ್ರಯ, ಹೋಂಸ್ಟೇ. ಎರಡು ರೂಮ್ ಮಾಡಿ ಹೋಂಸ್ಟೇ ಬೋರ್ಡ್ ಹಾಕಿದ್ದೀರಿ, ಪಂಚಾಯ್ತಿಯವರು ವಹಿಯಲ್ಲಿ ವಾಣಿಜ್ಯ ಅಂತ ಬರೆದುಕೊಂಡರು, ಕೋವಿಡ್ ಹೊತ್ತಲ್ಲಿ ವ್ಯವಹಾರ ನಿಂತು ಬೋರ್ಡ್ ಇಳಿಸಿ ಶೆಡ್ಡಿಗೆ ಹಾಕಿದಿರಿ, ಆದರೆ ವಹಿಯಲ್ಲಿ ಮನೆ ಇನ್ನೂ ಹೋಂಸ್ಟೇನೇ. ನಮ್ಮ ಪಕ್ಕದ ಊರಿನಲ್ಲಿ ಒಬ್ಬರಿಗೆ ಹೀಗೇ ಆಗಿತ್ತು, ವಾಸದ ಮನೆಗೆ ವಾಣಿಜ್ಯ ದರದಲ್ಲಿ ಬಾಕಿ ಬೆಳೆದು ನಿಂತಿತ್ತು. ಅವರನ್ನು ಕೈ ಹಿಡಿದಿದ್ದು ಸೆಸ್ಕ್‌ನ ಕರೆಂಟ್ ಬಿಲ್. ಕರೆಂಟ್ ಮೀಟರನ್ನು ಗೃಹಬಳಕೆ ದರಕ್ಕೆ ಬದಲಾಯಿಸಿಕೊಂಡಿದ್ದ ತಿಂಗಳ ಬಿಲ್ ಇಟ್ಟುಕೊಂಡಿದ್ದರು, ಅದನ್ನೇ ಆಧಾರವಾಗಿ ಕೊಟ್ಟರು. ನಿಮ್ಮದೂ ಹಾಗಿದ್ದರೆ ಅರ್ಜಿಯಲ್ಲಿ ಸ್ಥಳ ಪರಿಶೀಲನೆ ಮಾಡಿ ಅಂತ ಕೇಳಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದ್ದಿದ್ದರೆ ಅದನ್ನು ರದ್ದು ಮಾಡಿಸಿದ ಕಾಗದವನ್ನೂ ಸೇರಿಸಿ. ಹಿಂದಿನ ವರ್ಷಗಳದ್ದು ಇಳಿಯಬೇಕಾದರೆ ಯಾವಾಗ ನಿಲ್ಲಿಸಿದ್ದು ಅನ್ನೋದಕ್ಕೆ ತಾರೀಖು ಇರೋ ಆಧಾರ ಬೇಕು. ಬರೀ ಬಾಯಿಮಾತು ನಡೆಯಲ್ಲ.

2018ರ ಆಗಸ್ಟ್ ಮಳೆಯಲ್ಲಿ ಮನೆ ಹೋದವರದ್ದು ಇನ್ನೊಂದು ಕಥೆ. ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಜಾರಿ ಮನೆಯೇ ಇಲ್ಲದಂತಾಯ್ತು. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಹೊಸ ಮನೆ ಸಿಕ್ಕಿತು. ಹಳೇ ಮನೆ ನಂಬರನ್ನು ವಹಿಯಿಂದ ತೆಗೆಸದೇ ಇದ್ದರೆ ಅದರ ಹೆಸರಲ್ಲಿ ಬೇಡಿಕೆ ಬರ್ತಾ ಇರಬಹುದು. ಪರಿಹಾರ ಮಂಜೂರಾದ ಆದೇಶ ಅಥವಾ ಮನೆ ಹಾನಿ ವರದಿಯ ಪ್ರತಿ ಇಟ್ಟು, ಕಟ್ಟಡ ಅಸ್ತಿತ್ವದಲ್ಲಿಲ್ಲ, ಆ ದಿನದಿಂದ ಬೇಡಿಕೆ ಕೈಬಿಡಿ ಅಂತ ಅರ್ಜಿ ಕೊಡಿ. ಇಲ್ಲದ ಗೋಡೆಗೆ ಕಂದಾಯ ಕಟ್ಟೋದು ಯಾವ ನ್ಯಾಯ.

ಪಟ್ಟಿ ಕೊಡಲು ಸತಾಯಿಸಿದರೆ ಕೂಗಾಡಬೇಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಬಿತ್ತು ಅಂದ ಕೂಡಲೇ ಪ್ರಿಂಟರ್ ಸರಿ ಹೋಗೋದೂ ಉಂಟು.

ಖಾತೆ ಅಜ್ಜನ ಹೆಸರಲ್ಲಿದ್ದರೆ

ಕೊಡಗಿನಲ್ಲಿ ಇದು ಮನೆ ಮನೆ ಕಥೆ. ಜಮ್ಮಾ ಜಾಗ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ), ಪಟ್ಟೇದಾರರ (ಮನೆತನದ ಹಿರಿಯರ) ಹೆಸರು, ಒಕ್ಕದ (ಮನೆತನದ) ಆಸ್ತಿ, ಅಜ್ಜ ತೀರಿಕೊಂಡು ಎಷ್ಟೋ ಕಾಲ ಆಗಿದೆ, ಮನೆಯ ಬಿಲ್ ಈಗಲೂ ಅಜ್ಜನ ಹೆಸರಿಗೆ. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಮೈಸೂರಲ್ಲಿ, ಒಬ್ಬ ದುಬೈನಲ್ಲಿ, ಮನೆಯಲ್ಲಿ ಇರೋದು ಕೆಲಸ ಇಲ್ಲದ ನೀವು. ಬಿಲ್ ಕಲೆಕ್ಟರ್ ಕೇಳೋದು ಎದುರಿಗೆ ಸಿಕ್ಕವರನ್ನೇ.

ಬಾಕಿ ಮನೆಯ ಮೇಲಿನದ್ದು, ನಿಮ್ಮೊಬ್ಬರದ್ದಲ್ಲ. ಪಾಲುದಾರರಿಗೆಲ್ಲ ಬಿಲ್ಲಿನ ಫೋಟೋ ವಾಟ್ಸಾಪಿನಲ್ಲಿ ಹಾಕಿ. "ಅಣ್ಣ, ಇಷ್ಟು ಬಾಕಿ ಇದೆ, ನನ್ನ ಕೈಯಲ್ಲಿ ಈಗ ಆಗಲ್ಲ, ನಿಮ್ಮ ಪಾಲಿನದ್ದು ಕಳಿಸಿ" ಅಂತ ನೇರವಾಗಿ ಬರೆಯಿರಿ. ನಾಚಿಕೆ ಪಡೋದೇನಿದೆ. ಹುತ್ತರಿ ಹಬ್ಬಕ್ಕೆ ಎಲ್ಲರೂ ಮನೆಗೆ ಸೇರ್ತಾರೆ, ಆಗ ಕೂತು ಮಾತಾಡಿದರೆ ಇನ್ನೂ ಒಳ್ಳೇದು. ಒಂದು ವಿಷಯ ಮಾತ್ರ ಎಲ್ಲರಿಗೂ ಗೊತ್ತಿರಲಿ. ಕಂದಾಯ ಕಟ್ಟಿದ ರಶೀದಿ ಹಕ್ಕುಪತ್ರ ಅಲ್ಲ. ನೀವು ಕಟ್ಟಿದ ಮಾತ್ರಕ್ಕೆ ಮನೆ ನಿಮ್ಮದಾಗಲ್ಲ, ಅಣ್ಣ ಕಟ್ಟಿದ ಮಾತ್ರಕ್ಕೆ ಅವನದ್ದೂ ಆಗಲ್ಲ. ಈ ಅನುಮಾನದಲ್ಲೇ ಎಷ್ಟೋ ಮನೆಗಳಲ್ಲಿ ಯಾರೂ ಕಟ್ಟದೆ, ಯಾರಿಗೂ ಕಟ್ಟಲು ಬಿಡದೆ ಬಾಕಿ ಬೆಳೆದಿದೆ.

ಖಾತೆ ಬದಲಾವಣೆ ಈ ಗಡಿಬಿಡಿಯಲ್ಲಿ ಬೇಡ. ಅದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಎಲ್ಲರ ಒಪ್ಪಿಗೆ ಬೇಕು. ಬಾಕಿ ತೀರಿಸೋದನ್ನು ಅದಕ್ಕೆ ಗಂಟು ಹಾಕಿದರೆ ಎರಡೂ ಆಗಲ್ಲ.

ಪೇಟೆಯಲ್ಲಿ ಮನೆ ಇದ್ದರೆ ಬೇಗ ಕದಲಿ

ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಯಲ್ಲಿ ಏಪ್ರಿಲ್ ತಿಂಗಳೊಳಗೆ ಆ ವರ್ಷದ ತೆರಿಗೆ ಪೂರ್ತಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ನೂರಕ್ಕೆ 2 ದಂಡ. 4,000 ರೂಪಾಯಿ ತೆರಿಗೆ ಅಂದರೆ ತಿಂಗಳಿಗೆ 80, ಜುಲೈಯಿಂದ ಮಾರ್ಚ್ ತನಕ ಒಂಬತ್ತು ತಿಂಗಳಿಗೆ 720. ಕೆಲಸ ಇಲ್ಲದ ಮನೆಗೆ 720 ರೂಪಾಯಿ ಅಂದರೆ ಎರಡು ವಾರದ ತರಕಾರಿ, ಹಾಲು.

ಹಾಗಾಗಿ ಹಳ್ಳಿಯಲ್ಲೊಂದು ಮನೆ, ಕುಶಾಲನಗರದಲ್ಲೊಂದು ಸಣ್ಣ ಸೈಟು ಅಂತ ಎರಡು ಕಡೆ ಬಾಕಿ ಇದ್ದರೆ, ಕೈಗೆ ಬಂದ ಮೊದಲ ದುಡ್ಡು ಪೇಟೆಯದ್ದಕ್ಕೆ ಹೋಗಲಿ. ಪಂಚಾಯ್ತಿಯವರು ದಿನಾ ಎದುರು ಸಿಗ್ತಾರೆ ಅಂತ ಅವರದ್ದನ್ನು ಮೊದಲು ಕಟ್ಟೋದು ಮುಖದಾಕ್ಷಿಣ್ಯ, ಲೆಕ್ಕ ಅಲ್ಲ. ಖಾಲಿ ಸೈಟಿಗೂ ತೆರಿಗೆ ಇದೆ ಅನ್ನೋದನ್ನು ತುಂಬ ಜನ ಮರೆತೇಬಿಡ್ತಾರೆ.

ಬರಬೇಕಾದ ದುಡ್ಡು ಬರ್ತಿದೆಯಾ?

ಕಂದಾಯಕ್ಕೆ ದುಡ್ಡು ಹೊಂದಿಸೋ ಮುಂಚೆ ಸರ್ಕಾರದಿಂದ ಬರಬೇಕಾಗಿರೋದು ಬರ್ತಾ ಇದೆಯಾ ನೋಡಿ.

ಯುವನಿಧಿ: ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಕ್ಕಿಲ್ಲ ಅಂದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ, ಮಧ್ಯೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತೆ. 2022-23ರಲ್ಲಿ ಪಾಸಾದವರಿಂದ ಶುರುವಾದ ಯೋಜನೆ, ಅರ್ಜಿ ಸೇವಾಸಿಂಧುವಿನಲ್ಲಿ. ಮುಂದೆ ಓದ್ತಾ ಇದ್ದರೆ ಇಲ್ಲ. ದುಡ್ಡು ನಿಂತುಹೋಯ್ತು ಅನ್ನೋರಲ್ಲಿ ಸುಮಾರು ಜನ "ಇನ್ನೂ ಕೆಲಸ ಸಿಕ್ಕಿಲ್ಲ" ಅನ್ನೋ ಸ್ವಯಂ ಘೋಷಣೆ ಕೊಡಲು ಮರೆತವರು. ಮೊದಲು ಅದನ್ನು ನೋಡಿ. ಕೆಲಸ ಸಿಕ್ಕ ಮೇಲೂ ಸುಳ್ಳು ಘೋಷಣೆ ಕೊಟ್ಟು ತೆಗೆದುಕೊಂಡರೆ ಆಮೇಲೆ ವಾಪಸ್ ಕೇಳ್ತಾರೆ, ಬಾಕಿ ಮೇಲೆ ಬಾಕಿ.

ಕಂಪನಿಯಲ್ಲಿದ್ದು ಸಂಬಳದಲ್ಲಿ ಇಎಸ್ಐ ಕಡಿತ ಆಗ್ತಿತ್ತಾ? ಹಾಗಾದರೆ ಕೆಲಸ ಹೋದವರಿಗೆ ನೆರವು ಕೊಡೋ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಈಗಲೂ ಇದೆಯಾ ಕೇಳಿ. ಸರಾಸರಿ ದಿನಗೂಲಿಯ ಅರ್ಧದಷ್ಟು, ಹೆಚ್ಚೆಂದರೆ 90 ದಿನಕ್ಕೆ, ಜೀವಮಾನದಲ್ಲಿ ಒಂದೇ ಸಲ. ಬೆಂಗಳೂರು, ಮೈಸೂರಿನ ಕಾರ್ಖಾನೆ, ಗಾರ್ಮೆಂಟ್ಸ್, ಸೆಕ್ಯುರಿಟಿ ಕೆಲಸದಿಂದ ಊರಿಗೆ ಬಂದ ನಮ್ಮ ಹುಡುಗ ಹುಡುಗಿಯರಲ್ಲಿ ಇದರ ಹೆಸರು ಕೇಳಿದವರೇ ಕಮ್ಮಿ. ಇಎಸ್ಐ ನಂಬರ್ ಹಳೇ ಸಂಬಳದ ಚೀಟಿಯಲ್ಲಿ ಇರುತ್ತೆ, ಹುಡುಕಿ ನೋಡಿ.

ಗೃಹಲಕ್ಷ್ಮಿ 2,000. ಅಜ್ಜಿಗೆ 65 ದಾಟಿದ್ದರೆ ಸಂಧ್ಯಾ ಸುರಕ್ಷಾ 1,200. ಇವುಗಳ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಆಧಾರ್ ಜೋಡಣೆ ಯಾವ ಖಾತೆಗಾಗಿದೆ ಅಂತ ಗೊತ್ತಿರಲ್ಲ. ಎಂದೋ ತೆರೆದು ಮರೆತುಹೋದ ಇನ್ಯಾವುದೋ ಬ್ಯಾಂಕಿನ ಖಾತೆಯಲ್ಲಿ ದುಡ್ಡು ಸುಮ್ನೆ ಬಿದ್ದಿರೋದು ಉಂಟು.

ಈ ದುಡ್ಡನ್ನೆಲ್ಲ ಕಂದಾಯಕ್ಕೆ ಸುರಿಯಿರಿ ಅಂತ ನಾನು ಹೇಳಲ್ಲ. ಅದು ಅಕ್ಕಿ, ಔಷಧಿ, ಗ್ಯಾಸಿಗೆ. ಗೃಹಲಕ್ಷ್ಮಿ ಬಂದ ದಿನವೇ "ಕಂದಾಯ ಕಟ್ಟಿ" ಅಂತ ಬಾಗಿಲಿಗೆ ಬಂದರೆ, ಈಗ ಇಷ್ಟು ಮಾತ್ರ ಆಗುತ್ತೆ ಅಂತ ಹೇಳಲು ನಿಮಗೆ ಹಕ್ಕಿದೆ. ಕಂದಾಯ ಬಾಕಿ ಇದೆ ಅಂತ ರೇಷನ್ ಆಗಲಿ, ಪಿಂಚಣಿ ಆಗಲಿ, ಗೃಹಲಕ್ಷ್ಮಿ ಆಗಲಿ ನಿಲ್ಲಲ್ಲ. ಅವುಗಳನ್ನು ಮಂಜೂರು ಮಾಡೋ ಇಲಾಖೆಗಳೇ ಬೇರೆ. "ಕಟ್ಟದಿದ್ದರೆ ಕಾರ್ಡ್ ಕ್ಯಾನ್ಸಲ್ ಮಾಡಿಸ್ತೀವಿ" ಅಂತ ಯಾರಾದರೂ ಹೆದರಿಸಿದರೆ, ಅದನ್ನೇ ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿ. ಯಾರೂ ಕೊಡಲ್ಲ.

ಪಂಚಾಯ್ತಿಯ ಸ್ವಂತ ಕಾಗದಗಳ ಮಾತು ಬೇರೆ. ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಯ ಡಿಜಿಟಲ್ ದಾಖಲೆ) ನಮೂನೆ 9, ನಮೂನೆ 11, ನಿರಾಕ್ಷೇಪಣಾ ಪತ್ರ ಇವಕ್ಕೆಲ್ಲ ತೆರಿಗೆ ಕಟ್ಟಿದ ರಶೀದಿ ಕೇಳೇ ಕೇಳ್ತಾರೆ. ಆರು ತಿಂಗಳಲ್ಲಿ ಬ್ಯಾಂಕ್ ಸಾಲಕ್ಕೋ, ಮನೆ ರಿಪೇರಿಗೋ ಈ ಕಾಗದ ಬೇಕಾಗುತ್ತೆ ಅಂತಿದ್ದರೆ ಬಾಕಿ ತೀರಿಸೋ ಲೆಕ್ಕವನ್ನು ಅದಕ್ಕೆ ತಕ್ಕ ಹಾಗೆ ಮುಂದಕ್ಕೆ ತನ್ನಿ.

ಕಾಗದ ಬರೆಯೋದು

ಬಾಯಲ್ಲಿ ಹೇಳಿದ್ದು ಬಿಲ್ ಕಲೆಕ್ಟರ್ ಬದಲಾದ ದಿನ ಮುಗೀತು. ಪಿಡಿಒ ಒಳ್ಳೆಯವರೇ ಇರಬಹುದು, ನಾಳೆ ವರ್ಗ ಆಗ್ತಾರೆ. ಕಾಗದ ಫೈಲಿನಲ್ಲಿ ಉಳಿಯುತ್ತೆ. ಉದ್ದ ಬೇಡ, ಕಷ್ಟದ ಪುರಾಣ ಬೇಡ. ಈ ನಮೂನೆ ಇಟ್ಟುಕೊಳ್ಳಿ:

"ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ, ... ಗ್ರಾಮ ಪಂಚಾಯತಿ, ... ತಾಲ್ಲೂಕು, ಕೊಡಗು ಜಿಲ್ಲೆ.

ವಿಷಯ: ಮನೆ ನಂಬರ್ ...ರ ತೆರಿಗೆ ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ.

ಮಾನ್ಯರೇ, ಮೇಲಿನ ಮನೆಯ ಖಾತೆ ನನ್ನ ತಂದೆಯವರ ಹೆಸರಿನಲ್ಲಿದ್ದು, ನಾನು ಮತ್ತು ನನ್ನ ತಾಯಿ ಅಲ್ಲಿ ವಾಸವಾಗಿದ್ದೇವೆ. ... ತಿಂಗಳಿನಿಂದ ನನಗೆ ಕೆಲಸ ಇಲ್ಲ. ಯುವನಿಧಿ ಮತ್ತು ತಾಯಿಯವರ ಗೃಹಲಕ್ಷ್ಮಿ ಬಿಟ್ಟು ಬೇರೆ ಆದಾಯ ಇಲ್ಲ. ತಮ್ಮ ಕಚೇರಿ ಕೊಟ್ಟ ಪಟ್ಟಿಯಂತೆ ರೂ. ... ಬಾಕಿ ಇದ್ದು, ಅದರಲ್ಲಿ ... ನೇ ಸಾಲಿನ ರೂ. ... ಈಗಾಗಲೇ ಕಟ್ಟಿದ್ದೇವೆ, ರಶೀದಿ ಪ್ರತಿ ಲಗತ್ತಿಸಿದೆ. ಉಳಿದ ಮೊತ್ತದಲ್ಲಿ ಇಂದು ರೂ. ... ಕಟ್ಟುತ್ತಿದ್ದೇನೆ. ಬಾಕಿಯನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕಂತುಗಳಲ್ಲಿ ಕಟ್ಟುತ್ತೇನೆ. ಅಲ್ಲಿಯವರೆಗೆ ನೀರಿನ ಸಂಪರ್ಕ ಕಡಿತ ಮಾಡಬಾರದೆಂದು ಕೋರುತ್ತೇನೆ."

ಕೆಳಗೆ ಸಹಿ, ಫೋನ್ ನಂಬರ್, ತಾರೀಖು. ಜೊತೆಗೆ ಬಿಪಿಎಲ್ ಕಾರ್ಡಿನ ಜೆರಾಕ್ಸ್, ಕಂಪನಿ ಕೊಟ್ಟ ರಿಲೀವಿಂಗ್ ಲೆಟರ್ ಅಥವಾ ಯುವನಿಧಿ ಅರ್ಜಿಯ ಪ್ರತಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ. ಸೀಲ್ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಆ ಚೀಟಿಯೇ ಸಾಕ್ಷಿ.

"ಇಂದು ಇಷ್ಟು ಕಟ್ಟುತ್ತಿದ್ದೇನೆ" ಅನ್ನೋ ಸಾಲು ಮುಖ್ಯ. 300 ರೂಪಾಯಿ ಆದರೂ ಸರಿ. ಕಂತು ಕೊಡಲೇಬೇಕು ಅಂತ ವಾದಕ್ಕೆ ಇಳಿಯಬೇಡಿ, ಅದು ಕೇಳಿ ಪಡೆಯೋದು. ಆದರೆ ವಸೂಲಿ ತೋರಿಸಬೇಕಾದ ಪಂಚಾಯ್ತಿ, ದುಡ್ಡು ಹಿಡಿದು ನಿಂತವರನ್ನು ವಾಪಸ್ ಕಳಿಸೋದು ಕಮ್ಮಿ. ಪಂಚಾಯ್ತಿ ಸದಸ್ಯರು ಗೊತ್ತಿದ್ದರೆ ಅವರಿಗೂ ಒಂದು ಪ್ರತಿ ಕೊಡಿ.

ಪೂರ್ತಿ ಮನ್ನಾ ಆಗುತ್ತಾ ಅಂತ ಕೇಳೋರಿದ್ದಾರೆ. ಪಿಡಿಒ ಆಗಲಿ ಅಧ್ಯಕ್ಷರಾಗಲಿ ಪೆನ್ನು ಎಳೆದು ತೆರಿಗೆ ಮನ್ನಾ ಮಾಡಲು ಬರಲ್ಲ. "ಇಷ್ಟು ಕೊಡಿ, ಮನ್ನಾ ಮಾಡಿಸ್ತೀನಿ" ಅನ್ನೋ ಮಧ್ಯವರ್ತಿಗೆ ಒಂದು ಪೈಸೆ ಕೊಡಬೇಡಿ.

ಕಟ್ಟೋದು ಯಾವಾಗ, ಹೇಗೆ

ತಿಂಗಳಿಗೆ ಇಷ್ಟು ಅಂತ ಸಮವಾಗಿ ಕಂತು ಮಾಡೋದು ಸಂಬಳದವರ ಲೆಕ್ಕ. ಕೊಡಗಿನ ದುಡ್ಡು ಹಾಗೆ ಬರಲ್ಲ. ಅರೇಬಿಕಾ ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ, ಆಮೇಲೆ ಕರಿಮೆಣಸು. ಸ್ವಂತ ತೋಟ ಇಲ್ಲದಿದ್ದರೂ ಆಗ ಕೊಯ್ಲಿನ ಕೆಲಸ, ಲೋಡಿಂಗ್, ಜೀಪ್ ಓಡಿಸೋದು ಏನಾದರೊಂದು ಸಿಗುತ್ತೆ. ಜೂನ್ ಬಂದರೆ ಮಳೆ, ಕೆಲಸ ಇಲ್ಲ, ಮಕ್ಕಳ ಶಾಲೆ ಖರ್ಚು ಬೇರೆ. ಹಾಗಾಗಿ ಕಂತಿನ ಹೆಚ್ಚಿನ ಭಾಗ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಇರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಏನೂ ಒಪ್ಪಿಕೊಳ್ಳಬೇಡಿ. ಗೃಹಲಕ್ಷ್ಮಿ ಕಂತು ನಂಬಿ ತಾರೀಖು ಕೊಡೋದಂತೂ ಬೇಡವೇ ಬೇಡ, ಅದು ತಡ ಆಗೋದು ಎಲ್ಲರಿಗೂ ಗೊತ್ತು.

ಕಟ್ಟುವಾಗ ಹಳೇ ವರ್ಷದಿಂದ ಒಂದೊಂದೇ ವರ್ಷ ಪೂರ್ತಿ ಮುಗಿಸುತ್ತಾ ಬನ್ನಿ. ರಶೀದಿಯಲ್ಲಿ ಯಾವ ಸಾಲಿಗೆ ಅಂತ ಬರೆದಿದೆಯಾ ನೋಡಿ. ನೀರಿಗೂ ತೆರಿಗೆಗೂ ಬೇರೆ ಬೇರೆ ಕಾಣಬೇಕು. ಬಿಲ್ ಕಲೆಕ್ಟರ್ ಎಷ್ಟೇ ಪರಿಚಯದವರಿರಲಿ, "ರಶೀದಿ ನಾಳೆ ಕೊಡ್ತೀನಿ" ಅಂದರೆ "ದುಡ್ಡೂ ನಾಳೆ ಕೊಡ್ತೀನಿ" ಅನ್ನಿ. ಅವರ ಸ್ವಂತ ಫೋನ್ ನಂಬರಿಗೆ ಹಾಕಬೇಡಿ, ಪಂಚಾಯ್ತಿಯ ಖಾತೆಗೆ ಮಾತ್ರ.

ಮೈಕ್ರೋಫೈನಾನ್ಸ್ ಸಾಲ ಎತ್ತಿ ಮನೆ ಕಂದಾಯ ಕಟ್ಟೋದು ಶುದ್ಧ ದಡ್ಡತನ, ಬೇಜಾರಾದರೂ ಸರಿ ಹೇಳ್ತೀನಿ. ಪಂಚಾಯ್ತಿಯವರು ವರ್ಷಕ್ಕೊಮ್ಮೆ ಬಂದು ಕೇಳ್ತಾರೆ, ಮೈಕ್ರೋಫೈನಾನ್ಸಿನವರು ವಾರ ವಾರ ಬಂದು ಜಗಲಿ ಮೇಲೆ ಕೂರ್ತಾರೆ. ಚಿನ್ನ ಅಡ ಇಡೋದೂ ಬೇಡ.

ನೋಟಿಸ್ ಬಂದರೆ

ಕಾನೂನಿನಲ್ಲಿ ಕ್ರಮ ಹೀಗಿದೆ: ಮೊದಲು ಬಿಲ್, ಆಮೇಲೆ ಬೇಡಿಕೆ ನೋಟಿಸ್, ಅದಕ್ಕೂ ಕಟ್ಟದಿದ್ದರೆ ಚರ ಆಸ್ತಿ ಜಪ್ತಿ. ನೋಟಿಸ್ ಇಲ್ಲದೆ ಒಮ್ಮೆಲೇ ಬಂದು ಟಿವಿ ಎತ್ತಿಕೊಂಡು ಹೋಗಲು ಬರಲ್ಲ. ಪೇಟೆಯ ಮುನಿಸಿಪಾಲಿಟಿ ಕಾಯ್ದೆಯಲ್ಲಿ ಉಡೋ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕಸುಬಿನ ಸಲಕರಣೆ ಇವನ್ನೆಲ್ಲ ಮುಟ್ಟಬಾರದು ಅಂತ ಇದೆ. ನಮ್ಮ ಕಡೆ ಮಾತು ಜಪ್ತಿ ತನಕ ಹೋಗೋದು ಅಪರೂಪ, ಅದಕ್ಕಿಂತ ಮುಂಚೆ ಬರೋದು ನೀರಿನ ನಲ್ಲಿ ಬಂದ್ ಮಾಡೋ ಮಾತು. ಅದಕ್ಕೇ ನೀರಿನ ಬಾಕಿಯಲ್ಲಿ ಸ್ವಲ್ಪವಾದರೂ ಕಟ್ಟಿರಬೇಕು ಅನ್ನೋದು.

ನೋಟಿಸನ್ನು ವಾಪಸ್ ಕಳಿಸಬೇಡಿ, ತೆಗೆದುಕೊಳ್ಳಿ. ತೆಗೆದುಕೊಂಡ ತಾರೀಖನ್ನು ಅದರ ಮೇಲೇ ಬರೆದಿಡಿ, ಒಳಗೆ ಎಷ್ಟು ದಿನ ಕೊಟ್ಟಿದ್ದಾರೆ ನೋಡಿ, ಅಷ್ಟರೊಳಗೆ ಬರೆದು ಉತ್ತರ ಕೊಡಿ. ಮೊತ್ತದ ಬಗ್ಗೆ ತಕರಾರು ಇದ್ದರೆ ಪಂಚಾಯ್ತಿಗೆ ಲಿಖಿತ ಆಕ್ಷೇಪಣೆ, ಅಲ್ಲಿ ಕಿವಿಗೆ ಹಾಕಿಕೊಳ್ಳದಿದ್ದರೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಹಣಾಧಿಕಾರಿ ಹತ್ತಿರ ಹೋಗಿ. ಗ್ರಾಮಸಭೆಯಲ್ಲೂ ಎದ್ದು ಕೇಳಬಹುದು. ಹೋಂಸ್ಟೇ ದರದ ತಪ್ಪು, 2018ರ ಮನೆಗಳ ತಪ್ಪು ಒಬ್ಬರದ್ದೇ ಇರಲ್ಲ, ಅದೇ ಊರಿನ ಹತ್ತು ಮನೆಯದ್ದು ಇರುತ್ತೆ. ಹತ್ತು ಜನ ಸೇರಿ ಕೇಳಿದರೆ ಮಾತಿಗೆ ತೂಕ ಬರುತ್ತೆ.

ಕಾಗದ ಕೋರ್ಟಿನದ್ದು ಅಂತ ಅನ್ನಿಸಿದರೆ ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಪುಕ್ಕಟೆ. ಲೋಕ ಅದಾಲತ್ ದಿನ ನೀರು, ತೆರಿಗೆ ಬಾಕಿಯ ವಿಷಯಗಳನ್ನೂ ಕೂರಿಸಿ ಮಾತಾಡಿಸ್ತಾರೆ. ನಿಮ್ಮದು ಪಟ್ಟಿಯಲ್ಲಿ ಸೇರುತ್ತಾ ಅಂತ ಮುಂಚೆಯೇ ಕೇಳಿಕೊಳ್ಳಿ.

ಕಟ್ಟಿ ಮುಗಿದ ಮೇಲೆ

ಕೊನೇ ಕಂತಿನ ದಿನವೇ ಬಾಕಿ ಇಲ್ಲ ಅಂತ ಒಂದು ದೃಢೀಕರಣ ಕೇಳಿ ತೆಗೆದುಕೊಳ್ಳಿ. ಎಲ್ಲ ರಶೀದಿಗಳ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ. ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿದರೂ, ಪ್ರಿಂಟ್ ಅಳಿಸಿಹೋದರೂ ಫೋಟೋ ಇರುತ್ತೆ. ಮುಂದಿನ ಏಪ್ರಿಲ್ ಕಳೆದ ಮೇಲೆ ಹೊಸ ವರ್ಷದ ಬಿಲ್ ಬಂದಾಗ ಹಿಂದಿನ ಬಾಕಿ ಅನ್ನೋ ಕಾಲಂ ನೋಡಿ. ಅಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದೇ ವಾರ ರಶೀದಿ ಹಿಡಿದು ಹೋಗಿ ಸರಿ ಮಾಡಿಸಿ, ಇನ್ನೊಂದು ಜನವರಿ ತನಕ ಕಾಯಬೇಡಿ.